ಪ್ರತಿಕಾಯ ತೋರಿಸಿದ ಗುರಿ: ಬದಿಯಡ್ಕ ಕಡೆಯ ಒಂದು ಮೂತ್ರಪಿಂಡ ಪ್ರಕರಣ

2024ರ ಜೂನ್ ತಿಂಗಳಲ್ಲಿ, ಮಳೆ ಹಿಡಿದು ನಾಲ್ಕೈದು ದಿನವಾಗಿದ್ದಾಗ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ನನ್ನ ಚಿಕಿತ್ಸಾಲಯಕ್ಕೆ 31 ವರ್ಷದ ಮಹಿಳೆಯೊಬ್ಬರು ಎರಡೂ ಕಾಲು ಬೀಗಿದೆಯೆಂದು ಹೇಳಿಕೊಂಡು ಬಂದರು. ಅವರಿಗೆ ಪೇಟೆಯ ಬಟ್ಟೆಯಂಗಡಿಯೊಂದರಲ್ಲಿ ಕೆಲಸ. ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರಬೇಕು. ಗಂಡ ಕೊಲ್ಲಿಯಲ್ಲಿದ್ದಾರೆ. ಮನೆಯಲ್ಲಿ ಅತ್ತೆ, ಮಾವ ಮತ್ತು ಮದುವೆ ನಿಶ್ಚಯವಾಗಿದ್ದ ನಾದಿನಿ. ಈ ಬರಹಕ್ಕೆ ಅವರ ಒಪ್ಪಿಗೆಯಿದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಭೇಟಿಯಲ್ಲಿ ನಾನು ಮಾಡಿದ ತಪ್ಪನ್ನು ಮೊದಲೇ ಬರೆದುಬಿಡುತ್ತೇನೆ. ನಿಂತು ಮಾಡುವ ಕೆಲಸವೆಂಬುದನ್ನು ಕೇಳಿದ ಕೂಡಲೇ ಕಾಲಿನ ಊತಕ್ಕೆ ಕಾರಣ ಸಿಕ್ಕಿತೆಂದುಕೊಂಡು, ರಾತ್ರಿ ಕಾಲಡಿಗೆ ತಲೆದಿಂಬು ಇಟ್ಟು ಮಲಗುವಂತೆ ಹೇಳಿ, ರಕ್ತಹೀನತೆಗೂ ಥೈರಾಯಿಡಿಗೂ ಪರೀಕ್ಷೆ ಬರೆದು ಕಳುಹಿಸಿದೆ. ಮೂತ್ರಪರೀಕ್ಷೆ ಮಾಡಿಸಲಿಲ್ಲ. ಐದು ನಿಮಿಷದಲ್ಲಿ, ಒಂದು ಪಟ್ಟಿಯನ್ನು ಮೂತ್ರದಲ್ಲಿ ಅದ್ದಿದರೆ ತಿಳಿಯುತ್ತಿದ್ದ ಸಂಗತಿ ಹನ್ನೊಂದು ದಿನ ತಡವಾಯಿತು. ಎರಡನೆಯ ಸಲ ಬಂದಾಗ ಬೆಳಗಿನ ಹೊತ್ತು ಕಣ್ಣಿನ ರೆಪ್ಪೆಗಳೂ ಊದಿಕೊಳ್ಳುತ್ತಿದ್ದವು, ತೂಕ ಆರು ಕಿಲೋ ಏರಿತ್ತು. ಹೊರಡುವಾಗ ಬಾಗಿಲ ಹತ್ತಿರ ನಿಂತು, ಹೇಳಬೇಕೋ ಬೇಡವೋ ಎಂಬಂತೆ ಅವರೇ ಹೇಳಿದರು: "ಮೂತ್ರ ನೊರೆ ನೊರೆ ಬರ್ತದೆ ಡಾಕ್ಟ್ರೇ, ಸೋಪಿನ ನೀರಿನ ಹಾಗೆ."

ಪಟ್ಟಿಯಲ್ಲಿ ಪ್ರೋಟೀನ್ ನಾಲ್ಕು ಪ್ಲಸ್ ಬಂತು. ದಿನವೊಂದಕ್ಕೆ 150 ಮಿಲಿಗ್ರಾಂ ಮೀರಬಾರದ ಪ್ರೋಟೀನ್ ಇವರ 24 ಗಂಟೆಯ ಮೂತ್ರದಲ್ಲಿ 7.2 ಗ್ರಾಂ ಇತ್ತು. ರಕ್ತದ ಮುಖ್ಯ ಪ್ರೋಟೀನಾದ ಅಲ್ಬುಮಿನ್ 2.1ಕ್ಕೆ ಇಳಿದಿತ್ತು, ಕೊಲೆಸ್ಟರಾಲ್ 340ಕ್ಕೆ ಏರಿತ್ತು. ಮೂತ್ರಪಿಂಡದ ಕಾರ್ಯ ತೋರಿಸುವ ಕ್ರಿಯಾಟಿನಿನ್, ರಕ್ತದೊತ್ತಡ, ಸಕ್ಕರೆ ಎಲ್ಲವೂ ಸರಿಯಾಗಿದ್ದವು. ಲೂಪಸ್ (ಪ್ರತಿರೋಧ ಶಕ್ತಿ ದೇಹದ ಮೇಲೆಯೇ ತಿರುಗುವ ರೋಗ), ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ ಪರೀಕ್ಷೆಗಳು ನೆಗೆಟಿವ್. ಇದು ನೆಫ್ರೋಟಿಕ್ ಸಿಂಡ್ರೋಮ್ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ: ಮೂತ್ರಪಿಂಡ ಕಸವನ್ನು ಹೊರಹಾಕುವ ಕೆಲಸವನ್ನು ಮಾಡುತ್ತಲೇ ಇದೆ, ಆದರೆ ಉಳಿಸಿಕೊಳ್ಳಬೇಕಾದ ಪ್ರೋಟೀನನ್ನು ಸೋರಿಬಿಡುತ್ತಿದೆ. ಅಲ್ಬುಮಿನ್ ಇಳಿದಂತೆ ನೀರು ರಕ್ತನಾಳದಲ್ಲಿ ನಿಲ್ಲದೆ ಅಂಗಾಂಶಗಳಿಗೆ ಇಳಿಯುತ್ತದೆ, ದೇಹ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ.

ಮನೆಯವರಲ್ಲಿ ಕಾರಣದ ಬಗ್ಗೆ ಆಗಲೇ ಎರಡು ಪಕ್ಷಗಳಾಗಿದ್ದವು. ಎಣ್ಮಕಜೆ ಕಡೆಯಿಂದ ಬಂದ ಅತ್ತೆಗೆ ಇದು ಎಂಡೋಸಲ್ಫಾನ್ ಎಂಬ ಕೀಟನಾಶಕದ ಫಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಣೆ ನಿಂತದ್ದು 2000ದಲ್ಲಿ. ಆದರೆ ಈ ಜಿಲ್ಲೆಯಲ್ಲಿ ಹೆಸರು ತಿಳಿಯದ ಕಾಯಿಲೆ ಯಾವುದೇ ಬರಲಿ, ಜನರ ಮನಸ್ಸು ಮೊದಲು ಹೋಗುವುದು ಅಲ್ಲಿಗೇ, ಮತ್ತು ಹಾಗೆ ಹೋಗುವುದಕ್ಕೆ ಅವರಿಗೆ ಸಾಕಷ್ಟು ಕಾರಣಗಳಿವೆ. ಮಾವನಿಗೆ ಸಂಶಯ ತನ್ನ ಮೇಲೆಯೇ ಇತ್ತು. ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮಳೆಗೆ ಮುಂಚೆ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಬಿಟ್ಟಿದ್ದರು; ಅದರ ಬಟ್ಟೆಗಳನ್ನು ಸೊಸೆಯೇ ಒಗೆದಿದ್ದರು. "ನಾನು ಮದ್ದು ಬಿಟ್ಟದ್ದರಿಂದ ಹೀಗಾಯ್ತಾ?" ಎಂದು ಅವರು ಕೇಳಿದ ದನಿಯನ್ನು ನಾನು ಇನ್ನೂ ಮರೆತಿಲ್ಲ.

ನಮ್ಮ ಕಡೆ ಮದ್ದು ಎಂಬ ಮಾತಿನ ವ್ಯಾಪ್ತಿ ದೊಡ್ಡದು. ವೈದ್ಯರು ಬರೆದ ಮಾತ್ರೆಯೂ ಮದ್ದು, ಮನೆಯ ಕಷಾಯವೂ ಮದ್ದು, ಅಡಿಕೆ ಮರಕ್ಕೆ ಬಿಡುವುದೂ ಮದ್ದು. ಹಾಗಾಗಿ "ಬೇರೆ ಏನಾದರೂ ಮದ್ದು ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದಾಗ ನನ್ನ ಪ್ರಶ್ನೆ ಎಲ್ಲವನ್ನೂ ಒಳಗೊಂಡಿದೆಯೆಂದೇ ನಾನು ನಂಬಿದ್ದೆ. "ಎಂತ ಮದ್ದೂ ಇಲ್ಲ" ಎಂದರು. ಕೇಸ್ ಹಾಳೆಯಲ್ಲಿ ಹಾಗೆಯೇ ಬರೆದುಕೊಂಡೆ. ಅವರು ಸುಳ್ಳು ಹೇಳಿರಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ರಕ್ತದಲ್ಲಿ ಹುಡುಕಿದ್ದು

ಬೀಗುವುದನ್ನು ಇಳಿಸಲು ಮಾತ್ರೆ, ಪ್ರೋಟೀನ್ ಸೋರಿಕೆ ತಗ್ಗಿಸಲು ಟೆಲ್ಮಿಸಾರ್ಟನ್, ಉಪ್ಪಿಗೆ ಕಡಿವಾಣ: ಇಷ್ಟನ್ನು ಆರಂಭಿಸಿ ಮಂಗಳೂರಿನ ಮೂತ್ರಪಿಂಡ ತಜ್ಞರ ಬಳಿಗೆ ಕಳುಹಿಸಿದೆ. ಉಪ್ಪಿನ ವಿಷಯ ಹೇಳುವುದು ಸುಲಭ. ಗಂಜಿಯ ಜೊತೆ ಮಾವಿನ ಮಿಡಿ ಉಪ್ಪಿನಕಾಯಿ ಬಿಟ್ಟರೆ ಬೇರೇನೂ ಬೇಡವೆನ್ನುವ ಮನೆಯಲ್ಲಿ, ಅದೂ ಮಳೆಗಾಲದ ಆಟಿ ತಿಂಗಳು ಹತ್ತಿರ ಬರುತ್ತಿರುವಾಗ, ಅದನ್ನು ಪಾಲಿಸುವುದು ಸುಲಭವಲ್ಲ.

ತಜ್ಞರು ಮೊದಲು ಕೇಳಿದ್ದು ಮೂತ್ರಪಿಂಡದ ತುಣುಕು ತೆಗೆದು ನೋಡುವ ಬಯಾಪ್ಸಿಯನ್ನಲ್ಲ, ಒಂದು ರಕ್ತಪರೀಕ್ಷೆಯನ್ನು: ಪಿಎಲ್‌ಎ2ಆರ್ ಪ್ರತಿಕಾಯ. ಮಕ್ಕಳಲ್ಲದವರಲ್ಲಿ ನೆಫ್ರೋಟಿಕ್ ಸಿಂಡ್ರೋಮಿಗೆ ಮುಖ್ಯ ಕಾರಣಗಳಲ್ಲೊಂದು ಮೆಂಬ್ರೇನಸ್ ನೆಫ್ರೋಪತಿ. ಈ ಕಾಯಿಲೆಯಲ್ಲಿ ದೇಹದ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಹಿಡಿಯಲೆಂದು ದೇಹ ಮಾಡುವ ಪ್ರೋಟೀನುಗಳು, ಮೂತ್ರಪಿಂಡದ ಸೋಸುವ ಗುಚ್ಛಗಳ ಹೊರಗೋಡೆಯಲ್ಲಿ, ಪೋಡೋಸೈಟ್ ಎಂಬ ಕೋಶಗಳ ಪಾದದಡಿಯಲ್ಲಿ, ಏನನ್ನೋ ಹಿಡಿದುಕೊಂಡು ಕೂರುತ್ತವೆ. ಆ ಏನನ್ನೋ ಎಂಬುದರ ಹೆಸರು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಅದು ತಿಳಿದ ಬಗೆ ಈ ಪ್ರಕರಣಕ್ಕೆ ನೇರವಾಗಿ ಸಂಬಂಧಿಸಿದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

1959ರಲ್ಲಿ ವಾಲ್ಟರ್ ಹೇಮನ್ ಮತ್ತು ಜೊತೆಗಾರರು ಇಲಿಗಳಿಗೆ ಇಲಿಯದೇ ಮೂತ್ರಪಿಂಡದ ಸಾರವನ್ನು ಚುಚ್ಚಿ ಇದೇ ಬಗೆಯ ರೋಗವನ್ನು ತಂದು ತೋರಿಸಿದ್ದರು. 1980ರ ದಶಕದಲ್ಲಿ ಇಲಿಯ ಪ್ರತಿಕಾಯ ಹಿಡಿಯುವ ಪ್ರೋಟೀನಿನ ಗುರುತೂ ಸಿಕ್ಕಿತು. ಅದಕ್ಕೆ ಮೆಗಾಲಿನ್ ಎಂಬ ಹೆಸರು ಬಂತು. ಆದರೆ ಮನುಷ್ಯರ ಪೋಡೋಸೈಟಿನಲ್ಲಿ ಮೆಗಾಲಿನ್ ಆ ಜಾಗದಲ್ಲಿ ಸಿಗಲಿಲ್ಲ. ಇಲಿಯ ಉತ್ತರ ಮನುಷ್ಯರಿಗೆ ಹೊಂದಲಿಲ್ಲ. 2002ರಲ್ಲಿ ಪ್ಯಾರಿಸ್ಸಿನಲ್ಲಿ ಹಾನಾ ಡೆಬಿಯೆಚ್, ಪಿಯರ್ ರೊಂಕೊ ಅವರ ತಂಡಕ್ಕೆ ಒಂದು ಅಪರೂಪದ ಮಗುವಿನಿಂದ ಮೊದಲ ಮಾನವ ಉತ್ತರ ದೊರೆಯಿತು. ತಾಯಿಯಲ್ಲಿ ನ್ಯೂಟ್ರಲ್ ಎಂಡೋಪೆಪ್ಟಿಡೇಸ್ ಎಂಬ ಪ್ರೋಟೀನೇ ಇರಲಿಲ್ಲ. ಹೊಟ್ಟೆಯಲ್ಲಿರುವ ಮಗುವಿನಲ್ಲಿ ಅದು ಇತ್ತು. ತಾಯಿಯ ದೇಹ ಅದನ್ನು ಪರಕೀಯವೆಂದು ಬಗೆದು ಮಾಡಿದ ಪ್ರತಿಕಾಯ ಮಾಸುಚೀಲವನ್ನು ದಾಟಿ ಮಗುವಿನ ಮೂತ್ರಪಿಂಡವನ್ನು ಹಿಡಿದಿತ್ತು. ವಿಷಯ ಸ್ಪಷ್ಟವಾಯಿತು, ಆದರೆ ಅಂಥ ತಾಯಂದಿರು ಬೆರಳೆಣಿಕೆಯಷ್ಟು.

2009ರಲ್ಲಿ ಬೋಸ್ಟನ್ನಿನ ಲಾರೆನ್ಸ್ ಬೆಕ್, ಡೇವಿಡ್ ಸಲಾಂಟ್ ಮತ್ತು ಅವರ ಸಹೋದ್ಯೋಗಿಗಳು ಪ್ರಶ್ನೆಯನ್ನು ರೋಗಿಗಳ ರಕ್ತಕ್ಕೇ ಕೇಳಿದರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಾದ ದ್ರವ, ಅಂದರೆ ಸೀರಂ, ರೋಗಿಯ ಎಲ್ಲ ಪ್ರತಿಕಾಯಗಳನ್ನೂ ಹೊತ್ತಿರುತ್ತದೆ. ಮನುಷ್ಯರ ಮೂತ್ರಪಿಂಡದಿಂದ ಸೋಸುಗುಚ್ಛಗಳನ್ನು ಬಿಡಿಸಿ, ಅವುಗಳಲ್ಲಿರುವ ಪ್ರೋಟೀನುಗಳನ್ನು ಒಂದು ಜೆಲ್ಲಿನಲ್ಲಿ ಗಾತ್ರಕ್ಕೆ ತಕ್ಕಂತೆ ಮೇಲಿನಿಂದ ಕೆಳಗೆ ಹರಡಿ, ಅದರ ಪಡಿಯಚ್ಚನ್ನು ಒಂದು ಪೊರೆಯ ಮೇಲೆ ತೆಗೆದು, ಆ ಪೊರೆಗೆ ರೋಗಿಯ ಸೀರಂ ತಾಗಿಸುತ್ತಾರೆ. ಸಾವಿರಾರು ಪ್ರೋಟೀನುಗಳ ನಡುವೆ ಪ್ರತಿಕಾಯ ತನ್ನದನ್ನು ಮಾತ್ರ ಹಿಡಿಯುತ್ತದೆ, ಹಿಡಿದ ಕಡೆ ಒಂದು ಪಟ್ಟೆ ಮೂಡುತ್ತದೆ. ಪರೀಕ್ಷಿಸಿದ 37 ರೋಗಿಗಳಲ್ಲಿ 26 ಮಂದಿಯ ಸೀರಂ ಒಂದೇ ಜಾಗದಲ್ಲಿ, 185 ಕಿಲೋಡಾಲ್ಟನ್ ತೂಕದ ಹತ್ತಿರ, ಪಟ್ಟೆ ಮೂಡಿಸಿತು. ಆರೋಗ್ಯವಂತರ ಸೀರಂ ಮೂಡಿಸಲಿಲ್ಲ, ಲೂಪಸ್‌ನಂಥ ಬೇರೆ ಕಾರಣದಿಂದ ಇದೇ ಬಗೆಯ ಹಾನಿಯಾದವರದ್ದೂ ಮೂಡಿಸಲಿಲ್ಲ. ಪ್ರೋಟೀನುಗಳನ್ನು ತುಣುಕುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಆ ಪಟ್ಟೆಯ ಪ್ರೋಟೀನನ್ನು ತುಂಡರಿಸಿ ಓದಿದಾಗ ಬಂದ ಹೆಸರೇ ಪಿಎಲ್‌ಎ2ಆರ್, ಫಾಸ್ಫೊಲೈಪೇಸ್ ಎ2 ರಿಸೆಪ್ಟರ್ (ಗ್ರಾಹಕ).

ಈ ಪ್ರಯೋಗದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಚಿಕ್ಕ ಸಂಗತಿ. ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಹರಡುವ ಮೊದಲು ಅವುಗಳ ಒಳಗಿನ ಗಂಧಕದ ಬಂಧಗಳನ್ನು ಮುರಿಯುವ ರಾಸಾಯನಿಕವೊಂದನ್ನು ಸೇರಿಸುವುದು ಪ್ರಯೋಗಾಲಯಗಳ ರೂಢಿ. ಅದನ್ನು ಸೇರಿಸಿದರೆ ಈ ಪಟ್ಟೆ ಕಾಣಿಸುವುದೇ ಇಲ್ಲ. ಸೇರಿಸದೆ ಬಿಟ್ಟರೆ ಮಾತ್ರ ಕಾಣುತ್ತದೆ. ರೋಗಿಯ ಪ್ರತಿಕಾಯ ಗುರುತಿಸುವುದು ಪ್ರೋಟೀನಿನ ಮಡಿಕೆಯನ್ನು, ಬಿಚ್ಚಿ ಹಾಸಿದ ಎಳೆಯನ್ನಲ್ಲ. ಇಷ್ಟೇ ಅಲ್ಲದೆ, ರೋಗಿಗಳ ಬಯಾಪ್ಸಿ ತುಣುಕಿನಿಂದಲೇ ಪ್ರತಿಕಾಯವನ್ನು ತೊಳೆದು ತೆಗೆದು ಅದೂ ಅದೇ ಪ್ರೋಟೀನನ್ನು ಹಿಡಿಯುತ್ತದೆಂದು ತೋರಿಸಿದರು. ರಕ್ತದಲ್ಲಿ ಇರುವುದೂ ಮೂತ್ರಪಿಂಡದಲ್ಲಿ ಕೂತಿರುವುದೂ ಒಂದೇ ಎಂದು ಹಾಗೆ ಖಚಿತವಾಯಿತು.

ಇದೇ ದಾರಿಯನ್ನು ಚರ್ಮರೋಗದಲ್ಲಿ ಅದಕ್ಕೂ ಮುಂಚೆ ತುಳಿದಿದ್ದರು. ಮೈಯೆಲ್ಲ ಗುಳ್ಳೆಯೇಳುವ ಪೆಂಫಿಗಸ್‌ನಲ್ಲಿ ರೋಗಿಗಳ ಪ್ರತಿಕಾಯವನ್ನೇ ಶೋಧಕವಾಗಿ ಬಳಸಿ 1991ರಲ್ಲಿ ಮಸಾಯುಕಿ ಅಮಗಾಯ್ ಮತ್ತು ಜಾನ್ ಸ್ಟಾನ್ಲಿ ಅವರ ತಂಡ ಅದರ ಗುರಿಯಾದ ಪ್ರೋಟೀನಿನ ಜೀನನ್ನು ಹೆಕ್ಕಿ ತೆಗೆದಿತ್ತು. ಅಲ್ಲಿ 2016ರ ಹೊತ್ತಿಗೆ ಸಂಶೋಧನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಆ ಗುರಿಯ ತುಣುಕನ್ನೇ ಪ್ರತಿರೋಧ ಶಕ್ತಿಯ ಟಿ ಕೋಶಗಳ ಮೈಮೇಲೆ ಗಾಳದ ಹುಳದಂತೆ ಇಟ್ಟು, ಅದನ್ನು ಹಿಡಿಯಲು ಬರುವ, ಆ ಪ್ರತಿಕಾಯ ಮಾಡುವ ಬಿ ಕೋಶಗಳನ್ನು ಮಾತ್ರ ಕೊಲ್ಲುವಂತೆ ಮಾಡಿ ಇಲಿಗಳಲ್ಲಿ ತೋರಿಸಿದರು. ಗುರಿಯ ಹೆಸರು ತಿಳಿದಿರದಿದ್ದರೆ ಇಂಥ ಆಲೋಚನೆಗೂ ಎಡೆಯಿರುತ್ತಿರಲಿಲ್ಲ.

ಮೂತ್ರಪಿಂಡದ ವಿಷಯಕ್ಕೆ ಬಂದರೆ, 2009ರ ಆ ಒಂದು ಹೆಸರು ದಿನನಿತ್ಯದ ವೈದ್ಯಕೀಯವನ್ನೇ ಬದಲಿಸಿತು. ಈಗ ನೆಫ್ರೋಟಿಕ್ ಸಿಂಡ್ರೋಮ್ ಇದ್ದು, ಮೂತ್ರಪಿಂಡದ ಕಾರ್ಯ ಸರಿಯಾಗಿದ್ದು, ಈ ಪ್ರತಿಕಾಯ ರಕ್ತದಲ್ಲಿ ಸಿಕ್ಕಿದರೆ ಸೂಜಿ ಚುಚ್ಚದೆಯೇ ರೋಗನಿರ್ಣಯ ಮಾಡಬಹುದೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಒಪ್ಪುತ್ತದೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನೂ ಪ್ರತಿಕಾಯದ ಮಟ್ಟವೇ ಮೊದಲು ಹೇಳುತ್ತದೆ. ರಕ್ತದಲ್ಲಿ ಅದು ಇಳಿದು ತಿಂಗಳುಗಳಾದ ಮೇಲೆ ಮೂತ್ರದ ಪ್ರೋಟೀನ್ ಇಳಿಯುತ್ತದೆ. ಪ್ರತಿಕಾಯ ಮಾಡುವ ಬಿ ಕೋಶಗಳ ವಂಶವನ್ನೇ ತಡೆಯುವ ರಿಟುಕ್ಸಿಮ್ಯಾಬನ್ನು ಈ ರೋಗಕ್ಕೆ ಅದಕ್ಕೂ ಮುಂಚೆಯೇ ಕೊಟ್ಟು ನೋಡಿದ್ದರು; ಆ ಬಳಕೆಗೆ ಈ ತಿಳಿವಳಿಕೆ ಬಲ ಕೊಟ್ಟಿತು. 2019ರಲ್ಲಿ ಪ್ರಕಟವಾದ 130 ರೋಗಿಗಳ ಪ್ರಯೋಗದಲ್ಲಿ ಎರಡು ವರ್ಷದ ಕೊನೆಗೆ ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇಕಡಾ 60 ಮಂದಿ ಸುಧಾರಣೆಯಲ್ಲಿ ಉಳಿದರು, ಪ್ರತಿರೋಧ ಶಕ್ತಿ ತಗ್ಗಿಸುವ ಹಳೆಯ ಔಷಧ ಸೈಕ್ಲೋಸ್ಪೋರಿನ್ ಪಡೆದವರಲ್ಲಿ ಶೇಕಡಾ 20 ಮಾತ್ರ.

ನಮ್ಮ ರೋಗಿಯ ವರದಿ ಐದನೆಯ ದಿನ ಬಂತು. ಪ್ರತಿಕಾಯ 20 ಘಟಕ ಮುಟ್ಟಿದರೆ ಪಾಸಿಟಿವ್, 14ಕ್ಕಿಂತ ಕೆಳಗಿದ್ದರೆ ನೆಗೆಟಿವ್ ಎಂಬುದು ಆ ಪರೀಕ್ಷೆಯ ಲೆಕ್ಕ. ಇವರದು 2ಕ್ಕಿಂತಲೂ ಕಡಿಮೆ.

ಸೂಜಿ ತಂದ ಉತ್ತರ

ನೆಗೆಟಿವ್ ಎಂಬುದನ್ನು ಮನೆಯವರು ಒಳ್ಳೆಯ ಸುದ್ದಿಯೆಂದು ಓದಿದರು. ಗಂಡ ಅಲ್ಲಿಂದ ವೀಡಿಯೊ ಕರೆ ಮಾಡಿ, "ಹಾಗಾದ್ರೆ ಎಂತ ತೊಂದರೆ ಇಲ್ಲ ಅಲ್ವಾ ಡಾಕ್ಟ್ರೇ?" ಎಂದು ಕೇಳಿದರು. ಹಾಗಲ್ಲ ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಹತ್ತರಲ್ಲಿ ಏಳು ಮಂದಿಯನ್ನು ಹಿಡಿಯುವ ಪರೀಕ್ಷೆ ಉಳಿದ ಮೂವರ ಬಗ್ಗೆ ಏನೂ ಹೇಳುವುದಿಲ್ಲ; ಅದು ಕೇಳಿದ್ದು ಒಂದೇ ಗುರಿಯ ಬಗ್ಗೆ.

ಬಯಾಪ್ಸಿಗೆ ಮಂಗಳೂರಿಗೆ ಹೋಗಿ ಒಂದು ರಾತ್ರಿ ಉಳಿಯಬೇಕಾಯಿತು. ತಲಪಾಡಿಯಲ್ಲಿ ಕರ್ನಾಟಕದ ಗಡಿಯನ್ನು ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಮಣ್ಣು ಹಾಕಿ ಮುಚ್ಚಿದ್ದನ್ನು ನೋಡಿದ ನಮ್ಮ ಕಡೆಯವರಿಗೆ, ಮಂಗಳೂರಿನ ಆಸ್ಪತ್ರೆ ಎಷ್ಟು ಹತ್ತಿರವೋ ಅಷ್ಟೇ ದೂರ ಎಂಬ ಅಳುಕು ಇನ್ನೂ ಹೋಗಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನಿನ ಕಡೆಯಿಂದ ಸೂಜಿ ಹಾಕಿ, ಸೇಮಿಗೆಯ ಎಳೆಯಷ್ಟು ತೆಳ್ಳಗಿನ ಎರಡು ತುಣುಕು ತೆಗೆದರು.

ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಮೆಂಬ್ರೇನಸ್ ನೆಫ್ರೋಪತಿಯೇ. ಬೆಳ್ಳಿಯ ಬಣ್ಣ ಹಾಕಿದಾಗ ಸೋಸುಗೋಡೆಯ ಹೊರಬದಿಯಲ್ಲಿ ಸಣ್ಣ ಸಣ್ಣ ಮುಳ್ಳುಗಳು ಎದ್ದಿದ್ದವು. ಪ್ರತಿಕಾಯಕ್ಕೆ ಅಂಟುವ ಹೊಳೆಯುವ ಬಣ್ಣ ಹಾಕಿದಾಗ ಕತ್ತಲೆಯಲ್ಲಿ ಅದೇ ಗೋಡೆಯುದ್ದಕ್ಕೆ ಹಸಿರು ಚುಕ್ಕೆಗಳ ಸಾಲು ಕಂಡಿತು. ರೋಗಶಾಸ್ತ್ರಜ್ಞರು ಎರಡು ಸಂಗತಿಗಳನ್ನು ಬೇರೆಯಾಗಿ ಬರೆದಿದ್ದರು. ಚುಕ್ಕೆಗಳು ಕೆಲವು ಗುಚ್ಛಗಳಲ್ಲಿ ಇಡೀ ಗೋಡೆಯನ್ನು ಆವರಿಸದೆ ಒಂದು ಭಾಗದಲ್ಲಿ ಮಾತ್ರ ಇದ್ದವು. ಪಿಎಲ್‌ಎ2ಆರ್ ರೋಗದಲ್ಲಿ ಹೆಚ್ಚಾಗಿ ಇರುವುದು ಐಜಿಜಿ4 ವರ್ಗದ ಪ್ರತಿಕಾಯ. ಇಲ್ಲಿ ಇದ್ದದ್ದು ಐಜಿಜಿ1. ಎರಡೂ ಬೇರೊಂದು ಗುರಿಯ ಕಡೆ ಬೆರಳು ತೋರಿಸುತ್ತಿದ್ದವು. ತುಣುಕಿನ ಉಳಿದ ಭಾಗಕ್ಕೆ ಇನ್ನೊಂದು ಪರೀಕ್ಷೆ ಮಾಡಿದಾಗ ಉತ್ತರ ಸಿಕ್ಕಿತು: ನೆಲ್-1 ಪಾಸಿಟಿವ್.

ಈ ಪ್ರೋಟೀನಿನ ಹೆಸರು ಮೂತ್ರಪಿಂಡ ವೈದ್ಯರ ಬಾಯಿಗೆ ಬಂದದ್ದು 2020ರಿಂದ ಈಚೆಗೆ. 2014ರಲ್ಲಿ ರೋಗಿಗಳ ಸೀರಮ್ಮಿನಿಂದಲೇ ಎರಡನೆಯ ಗುರಿ, ಟಿಎಚ್‌ಎಸ್‌ಡಿ7ಎ, ಸಿಕ್ಕಿತ್ತಾದರೂ ಅದು ಸಿಕ್ಕಿದ್ದು 154 ಮಂದಿಯಲ್ಲಿ 15 ಮಂದಿಗೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಜೀವ್ ಸೇಥಿ ಮತ್ತು ಸಂಗಡಿಗರು ದಾರಿಯನ್ನು ತಿರುಗಿಸಿ ಹಿಡಿದರು. ಪ್ರತಿಕಾಯವನ್ನು ಹೊರಗೆ ತಂದು ಅದು ಏನನ್ನು ಹಿಡಿಯುತ್ತದೆಂದು ನೋಡುವ ಬದಲು, ಅದು ರೋಗಿಯ ಮೂತ್ರಪಿಂಡದಲ್ಲಿ ಹಿಡಿದುಕೊಂಡು ಕೂತಿರುವುದನ್ನೇ ಬಯಾಪ್ಸಿ ತುಣುಕಿನಿಂದ ಲೇಸರಿನಲ್ಲಿ ಕತ್ತರಿಸಿ ತೆಗೆದು ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟರು. ಪಿಎಲ್‌ಎ2ಆರ್ ಇಲ್ಲದ ಕೆಲವು ರೋಗಿಗಳಲ್ಲಿ ನೆಲ್-1 ರಾಶಿಯಾಗಿ ಬಿದ್ದಿತ್ತು. ಆಮೇಲೆ ಅಂಥವರ ಸೀರಂ ತೆಗೆದು ಪರೀಕ್ಷಿಸಿದಾಗ ಅದರಲ್ಲಿ ನೆಲ್-1 ವಿರುದ್ಧದ ಪ್ರತಿಕಾಯವೂ ಸಿಕ್ಕಿತು.

ವರದಿಯ ಕೊನೆಯ ಸಾಲಿನಲ್ಲಿ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆ ಒಂದು ಪದವನ್ನು ನಾದಿನಿ ಬಸ್ಸಿನಲ್ಲೇ ಓದಿಬಿಟ್ಟಿದ್ದರು. ಕುಂಬಳೆಯಲ್ಲಿ ಇಳಿದು ನನ್ನ ಬಳಿಗೆ ಬರುವಷ್ಟರಲ್ಲಿ ಇಬ್ಬರೂ ಅತ್ತು ಮುಖ ಕೆಂಪಾಗಿಸಿಕೊಂಡಿದ್ದರು. ಆ ಸಾಲು ಸುಮ್ಮನೆ ಬರೆದದ್ದಲ್ಲ. ಅಮೆರಿಕದ ರೋಗಿಗಳ ಸರಣಿಯೊಂದರಲ್ಲಿ ನೆಲ್-1 ಇದ್ದವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿಗೆ ಕ್ಯಾನ್ಸರ್ ಇತ್ತು. ಆದ್ದರಿಂದ ಎದೆಯ ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನ್, ಸ್ತನ ಹಾಗೂ ಗರ್ಭಕೊರಳಿನ ತಪಾಸಣೆ ಎಲ್ಲವನ್ನೂ ಮಾಡಿಸಲಾಯಿತು. ಏನೂ ಸಿಗಲಿಲ್ಲ.

ಆದರೆ ಒಂದೇ ಗುರಿ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಕಾರಣದ ಕಡೆ ಬೆರಳು ಮಾಡುತ್ತದೆ. ದಕ್ಷಿಣ ಭಾರತದ ವೈದ್ಯರು 2022ರಲ್ಲಿ ನೆಲ್-1 ರೋಗಿಗಳಲ್ಲಿ ಅನೇಕರು ನಾಟಿ ಹಾಗೂ ಸಾಂಪ್ರದಾಯಿಕ ಔಷಧಗಳನ್ನು ಬಳಸಿದವರೆಂದು ವರದಿ ಮಾಡಿದರು. ಅಂಥ ಕೆಲವು ಔಷಧಗಳಲ್ಲಿ ಪಾದರಸ ಇರುತ್ತದೆ. ನಮ್ಮದೇ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಸಜೀಶ್ ಶಿವದಾಸ್, ರಂಜಿತ್ ನಾರಾಯಣನ್ ಎಂಬ ಇಬ್ಬರು ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ತಾವು ನೋಡಿದ 22 ಮೆಂಬ್ರೇನಸ್ ರೋಗಿಗಳ ಲೆಕ್ಕ ಇಟ್ಟಿದ್ದರು. ಅವರಲ್ಲಿ 15 ಮಂದಿ ನೆಲ್-1 ಪಾಸಿಟಿವ್. ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಿಸುವ ಕ್ರೀಮ್ ಹಚ್ಚುತ್ತಿದ್ದವರು. ಮಧುಮೇಹದ ನರಬಾಧೆಗೆ ಕೊಡುವ ಮಾತ್ರೆಗಳಲ್ಲಿ ಸೇರಿರುವ ಲೈಪೋಯಿಕ್ ಆಮ್ಲಕ್ಕೂ ನೆಲ್-1ಕ್ಕೂ ನಂಟು ಕಂಡುಬಂದಿದೆ. ಇದನ್ನೆಲ್ಲ ಮಂಗಳೂರಿನ ತಜ್ಞರು ಫೋನಿನಲ್ಲಿ ಹೇಳಿ, "ಮುಖಕ್ಕೆ ಎಂತ ಹಚ್ತಾರೆ ಅಂತ ಒಮ್ಮೆ ಕೇಳಿ ನೋಡಿ" ಎಂದರು.

ಕೇಳಿದೆ. ರೋಗಿ ಏನೂ ಹೇಳುವ ಮೊದಲೇ ನಾದಿನಿ ಅವರ ಮುಖ ನೋಡಿದರು.

"ಅದು ಮದ್ದಲ್ವಲ್ಲ ಡಾಕ್ಟ್ರೇ, ಕ್ರೀಮು," ಎಂದರು ರೋಗಿ.

ಡಬ್ಬಿ

ಮರುದಿನ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಹೆಬ್ಬೆರಳಿನಷ್ಟು ಎತ್ತರದ ಬಿಳಿ ಪ್ಲಾಸ್ಟಿಕ್ ಡಬ್ಬಿ, ಚಿನ್ನದ ಬಣ್ಣದ ಮುಚ್ಚಳ. ಒಳಗೆ ತೆಳು ಹಳದಿಯ, ಬೆಣ್ಣೆಯಂತೆ ನುಣ್ಣಗಿನ ಮುಲಾಮು. ಸುಮಾರು ಕಾಲು ಭಾಗ ಉಳಿದಿತ್ತು. ಹೊರಗೆ ಹೆಣ್ಣೊಬ್ಬಳ ಅರ್ಧ ಮುಖ ಕಪ್ಪು, ಅರ್ಧ ಮುಖ ಬಿಳಿ. ಯಾರು ತಯಾರಿಸಿದರು, ಎಲ್ಲಿ, ಯಾವ ಪರವಾನಗಿ, ಒಳಗೆ ಏನೇನಿದೆ ಎಂಬ ಒಂದು ವಿವರವೂ ಇಲ್ಲ. ಪೇಟೆಯ ಫ್ಯಾನ್ಸಿ ಅಂಗಡಿಯೊಂದರಲ್ಲಿ ತೆಗೆದದ್ದು, ಬಿಲ್ಲು ಕೊಟ್ಟಿರಲಿಲ್ಲ. ಇದು ಮೂರನೆಯ ಡಬ್ಬಿ. ಏಳು ತಿಂಗಳಿಂದ ದಿನವೂ ರಾತ್ರಿ ಮಲಗುವ ಮುಂಚೆ ಹಚ್ಚುತ್ತಿದ್ದರು. ಎರಡು ವಾರದಲ್ಲೇ ಗುಣ ಕಂಡಿತ್ತಂತೆ, ಅಂಗಡಿಗೆ ಬಂದವರೂ ಗುರುತಿಸಿ ಹೇಳಿದ್ದರಂತೆ. ಬಿಟ್ಟ ಕೂಡಲೇ ಮುಖ ಮೊದಲಿಗಿಂತ ಕಪ್ಪಾಗುತ್ತದೆಂದು ಬಿಡಲು ಹೆದರಿಕೆ.

ಗುಣ ಕಾಣುವುದರಲ್ಲಿ ಸುಳ್ಳಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಇಂಥ ಕ್ರೀಮುಗಳಿಗೆ ಬೆರೆಸುವ ಪಾದರಸ ಅದನ್ನು ತಡೆಯುತ್ತದೆ. ಅಗ್ಗದ್ದು, ಬೇಗ ಕೆಲಸ ಮಾಡುವಂಥದ್ದು, ಅದಕ್ಕೇ ಹಾಕುತ್ತಾರೆ. ಅದು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡದಲ್ಲಿ ಶೇಖರಗೊಳ್ಳುತ್ತದೆ. ನಮ್ಮ ದೇಶದ ಕಾನೂನಿನಲ್ಲಿ ಮುಖದ ಕ್ರೀಮಿಗೆ ಪಾದರಸ ಸೇರಿಸುವಂತಿಲ್ಲ. ತಾನಾಗಿ ಬೆರೆತಿದ್ದರೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರುವಂತಿಲ್ಲ. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಆಪರೇಷನ್ ಸೌಂದರ್ಯ ಎಂಬ ಹೆಸರಿನಲ್ಲಿ ಇಂಥ ಡಬ್ಬಿಗಳ ಹುಡುಕಾಟ ಆರಂಭಿಸಿತ್ತು. ನಾನೂ ಡಬ್ಬಿಯ ವಿಷಯವನ್ನು ಬರೆದು ಇಲಾಖೆಗೆ ತಿಳಿಸಿದೆ. ರೋಗಿಯ ರಕ್ತ, ಮೂತ್ರ ಎರಡರಲ್ಲೂ ಪಾದರಸ ಪ್ರಯೋಗಾಲಯದ ಮಿತಿಗಿಂತ ಹಲವು ಪಟ್ಟು ಹೆಚ್ಚಿತ್ತು.

ಮಾವನನ್ನು ಕರೆದು, ನೀವು ಬಿಟ್ಟ ಮದ್ದು ತಾಮ್ರದ್ದು, ಇಲ್ಲಿ ಸಿಕ್ಕಿದ್ದು ಪಾದರಸ ಎಂದು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅತ್ತೆ ಮಾತ್ರ ಎಂಡೋಸಲ್ಫಾನಿನ ಮಾತನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ನಾನೂ ವಾದಕ್ಕೆ ಹೋಗಲಿಲ್ಲ.

ನಾದಿನಿಯ ಮೂತ್ರವನ್ನು ಅಂದೇ ಪರೀಕ್ಷಿಸಿದೆ. ಮದುವೆಯ ದಿನ ಹತ್ತಿರ ಬಂತೆಂದು ಅವರೂ ಎರಡು ತಿಂಗಳಿಂದ ಅದೇ ಡಬ್ಬಿಯಿಂದ ಹಚ್ಚುತ್ತಿದ್ದರು. ಪ್ರೋಟೀನ್ ಒಂದು ಪ್ಲಸ್. ಬೀಗುವಿಕೆ ಇರಲಿಲ್ಲ, ಅಲ್ಬುಮಿನ್ ಸರಿಯಿತ್ತು. ಕ್ರೀಮ್ ಬಿಟ್ಟ ಮೇಲೆ ಎರಡನೆಯ ತಿಂಗಳಿಗೆ ಮೂತ್ರ ಶುದ್ಧವಾಯಿತು. ಅವರಿಗೆ ಬಯಾಪ್ಸಿ ಮಾಡಿಸಿಲ್ಲವಾದ್ದರಿಂದ ಅದೂ ನೆಲ್-1 ರೋಗದ ಆರಂಭವಾಗಿತ್ತೆಂದು ನಾನು ಬರೆಯಲಾರೆ.

ಚಿಕಿತ್ಸೆ ಮತ್ತು ಮುಂದಿನ ತಿಂಗಳುಗಳು

ಗುರಿಯ ಹೆಸರು ತಿಳಿದಿರದಿದ್ದರೆ ಇವರಿಗೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹದಿನೈದು ವರ್ಷಗಳ ಹಿಂದೆ ಇದೇ ಬಯಾಪ್ಸಿಗೆ ಕಾರಣ ತಿಳಿಯದ ಮೆಂಬ್ರೇನಸ್ ನೆಫ್ರೋಪತಿ ಎಂಬ ಹಣೆಪಟ್ಟಿ ಬೀಳುತ್ತಿತ್ತು. ಪ್ರೋಟೀನ್ ಇಳಿಯದಿದ್ದರೆ ಆರು ತಿಂಗಳ ಕಾಲ ಸ್ಟೀರಾಯ್ಡ್ ಒಂದು ತಿಂಗಳು, ಸೈಕ್ಲೋಫಾಸ್ಫಮೈಡ್ ಒಂದು ತಿಂಗಳು ಎಂಬಂತೆ ಸರದಿಯಲ್ಲಿ ಕೊಡುತ್ತಿದ್ದರು. ಮಗು ಬೇಕೆಂದಿರುವ 31 ವರ್ಷದವರಿಗೆ ಅಂಡಾಶಯಕ್ಕೆ ಹಾನಿ ಮಾಡಬಲ್ಲ ಸೈಕ್ಲೋಫಾಸ್ಫಮೈಡ್ ಕೊಡುವುದು ಸಣ್ಣ ನಿರ್ಧಾರವಲ್ಲ. ಅದೂ ಪ್ರತಿದಿನ ರಾತ್ರಿ ಕೆರಳಿಸುವ ವಸ್ತುವನ್ನು ಮುಖಕ್ಕೆ ಹಚ್ಚುತ್ತಿರುವಾಗ, ಪ್ರತಿರೋಧ ಶಕ್ತಿಯನ್ನು ಮಾತ್ರೆಯಿಂದ ತಗ್ಗಿಸುತ್ತ ಹೋಗುವುದು ತಳ ತೂತಾದ ಕೊಡಪಾನಕ್ಕೆ ನೀರು ಸೇದಿದಂತೆ.

ತಜ್ಞರು ತೀರ್ಮಾನಿಸಿದ್ದು ಇಷ್ಟೇ: ಕ್ರೀಮ್ ನಿಲ್ಲಿಸುವುದು, ಟೆಲ್ಮಿಸಾರ್ಟನ್ ಮುಂದುವರಿಸುವುದು, ಕಾಯುವುದು. ಅಲ್ಬುಮಿನ್ ಬಹಳ ಕೆಳಗಿದ್ದುದರಿಂದ ಮೊದಲ ತಿಂಗಳುಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಔಷಧ ಕೊಟ್ಟರು, ಕೊಲೆಸ್ಟರಾಲಿಗೂ ಕೊಟ್ಟರು. ಟೆಲ್ಮಿಸಾರ್ಟನ್ ನಡೆಯುತ್ತಿರುವಾಗ ಗರ್ಭ ನಿಲ್ಲಬಾರದೆಂದು, ಆ ಮಾತ್ರೆ ಹುಟ್ಟದ ಮಗುವಿನ ಮೂತ್ರಪಿಂಡಕ್ಕೆ ಕೆಡುಕೆಂದು, ಗಂಡ ರಜೆಯಲ್ಲಿ ಬರುವ ಮೊದಲೇ ಸ್ಪಷ್ಟವಾಗಿ ಹೇಳಿದೆ.

ಕಾಯುವುದೇ ಎಲ್ಲಕ್ಕಿಂತ ಕಷ್ಟದ ಚಿಕಿತ್ಸೆಯಾಯಿತು. ಎರಡನೆಯ ತಿಂಗಳಲ್ಲಿ ಮೂತ್ರದ ಪ್ರೋಟೀನ್ 5.9 ಗ್ರಾಂ. ಕಾಲು ಇನ್ನೂ ಬೀಗುತ್ತಿತ್ತು. ಮುಖ, ಅವರು ಹೆದರಿದ್ದಂತೆಯೇ, ಕೆನ್ನೆಯ ಮೇಲೆ ತೇಪೆ ತೇಪೆಯಾಗಿ ಕಪ್ಪಾಗಿತ್ತು. ಇಷ್ಟು ದೊಡ್ಡ ಕಾಯಿಲೆಗೆ ಬರೀ ಒಂದು ಮಾತ್ರೆಯೇ, ಬೇರೆ ಆಸ್ಪತ್ರೆಗೆ ತೋರಿಸೋಣವೇ ಎಂದು ಗಂಡ ಕೇಳಿದರು. ನಾಟಿ ಮದ್ದಿನವರೊಬ್ಬರ ವಿಳಾಸವನ್ನು ನೆರೆಮನೆಯವರು ಕೊಟ್ಟಿದ್ದರು. ಬೇರೆ ತಜ್ಞರ ಅಭಿಪ್ರಾಯ ಪಡೆಯಲು ನನ್ನ ಅಡ್ಡಿಯಿಲ್ಲವೆಂದೆ. ಒಳಗೆ ಏನಿದೆಯೆಂದು ಬರೆಯದ ಯಾವುದನ್ನೂ ಹೊಟ್ಟೆಗಾಗಲಿ ಮೈಗಾಗಲಿ ಮುಟ್ಟಿಸಬೇಡಿ ಎಂದೆ. ಪಿಎಲ್‌ಎ2ಆರ್ ಇದ್ದಿದ್ದರೆ ಈ ಹೊತ್ತಿಗೆ ರಕ್ತದ ಪ್ರತಿಕಾಯ ಅಳೆದು, ಒಳಗೆ ಬೆಂಕಿ ಆರುತ್ತಿದೆ ನೋಡಿ ಎಂದು ತೋರಿಸಬಹುದಿತ್ತು. ನೆಲ್-1ಕ್ಕೆ ಅಂಥ ರಕ್ತಪರೀಕ್ಷೆ ನಮ್ಮ ಪೇಟೆಗಳ ಪ್ರಯೋಗಾಲಯಗಳಲ್ಲಿ ಸಿಗುವುದಿಲ್ಲ. ನಮ್ಮ ಕೈಯಲ್ಲಿದ್ದ ಅಳತೆಗೋಲುಗಳು ಮೂತ್ರದ ಪ್ರೋಟೀನ್, ರಕ್ತದ ಅಲ್ಬುಮಿನ್, ಪಾದರಸದ ಮಟ್ಟ, ಮತ್ತು ಅವರು ಮನೆಯ ಕ್ಯಾಲೆಂಡರಿನಲ್ಲಿ ದಿನವೂ ಬರೆದಿಡುತ್ತಿದ್ದ ತೂಕ.

ಮೊದಲು ಇಳಿದದ್ದು ಪಾದರಸ. ನಾಲ್ಕನೆಯ ತಿಂಗಳಿಗೆ ಪ್ರೋಟೀನ್ 2.6 ಗ್ರಾಮಿಗೆ ಬಂತು, ಬೀಗುವಿಕೆ ಹೋಯಿತು, ನೀರಿಳಿಸುವ ಮಾತ್ರೆ ನಿಂತಿತು. ಅಲ್ಬುಮಿನ್ 3 ದಾಟಿದ ಮೇಲೆ ರಕ್ತ ತೆಳುವಾಗಿಸುವ ಔಷಧವನ್ನೂ ನಿಲ್ಲಿಸಿದರು. ಏಳನೆಯ ತಿಂಗಳು 0.6 ಗ್ರಾಂ. ಹನ್ನೊಂದನೆಯ ತಿಂಗಳು 0.2, ಅಲ್ಬುಮಿನ್ 4. ಸ್ಟೀರಾಯ್ಡಿನ ಒಂದು ಮಾತ್ರೆಯನ್ನೂ ಅವರು ನುಂಗಲಿಲ್ಲ, ರಿಟುಕ್ಸಿಮ್ಯಾಬ್ ಬೇಕಾಗಲಿಲ್ಲ. ಮೆಂಬ್ರೇನಸ್ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ತಾನಾಗಿಯೇ ಗುಣವಾಗುವುದುಂಟು. ಇವರೂ ಅವರಲ್ಲೊಬ್ಬರಾಗಿರಬಹುದಲ್ಲವೇ ಎಂದು ಯಾರಾದರೂ ಕೇಳಿದರೆ, ಒಂದೇ ಪ್ರಕರಣದಿಂದ ಅದನ್ನು ಅಲ್ಲಗಳೆಯಲು ಬಾರದು. ಆದರೆ ಪಾದರಸ ಇಳಿದದ್ದು, ಅದರ ಹಿಂದೆಯೇ ಪ್ರೋಟೀನ್ ಇಳಿದದ್ದು, ಜೊತೆಗೆ ಅದೇ ಡಬ್ಬಿಯನ್ನು ಬಳಸಿ ಬಿಟ್ಟ ನಾದಿನಿಯ ಮೂತ್ರವೂ ಶುದ್ಧವಾದದ್ದು, ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಮನಸ್ಸು ಎತ್ತ ವಾಲುತ್ತದೆಂದು ಹೇಳಬೇಕಾಗಿಲ್ಲ.

ನನ್ನ ಕೇಸ್ ಹಾಳೆಯಲ್ಲಿ ಮದ್ದಿನ ಪ್ರಶ್ನೆಯ ಕೆಳಗೆ ಈಗ ಇನ್ನೆರಡು ಸಾಲುಗಳಿವೆ: ಮುಖಕ್ಕೆ, ಮೈಗೆ, ಕೂದಲಿಗೆ ಏನು ಹಚ್ಚುತ್ತೀರಿ; ಮನೆಯಲ್ಲಿ ಬೇರೆ ಯಾರು ಅದನ್ನೇ ಹಚ್ಚುತ್ತಾರೆ. ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚು ಹಾಕಿಸಿದ್ದೇನೆ. ತುಳುವಿನಲ್ಲಿ ಬಾಯಿಮಾತಿನಲ್ಲೇ ಕೇಳುತ್ತೇನೆ.

ಹನ್ನೆರಡನೆಯ ತಿಂಗಳ ಭೇಟಿಗೆ ಗಂಡನೂ ಜೊತೆಯಲ್ಲಿ ಬಂದಿದ್ದರು. ಟೆಲ್ಮಿಸಾರ್ಟನ್ ನಿಲ್ಲಿಸಿ ಎರಡು ತಿಂಗಳು ನೋಡಿ, ಮೂತ್ರ ಶುದ್ಧವಾಗಿಯೇ ಉಳಿದರೆ ಗರ್ಭಧಾರಣೆಗೆ ಅಡ್ಡಿಯಿಲ್ಲವೆಂದು ತಜ್ಞರು ಬರೆದುಕೊಟ್ಟಿದ್ದಾರೆ. ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಮನೆಯಲ್ಲೇ ಪಟ್ಟಿ ಅದ್ದಿ ನೋಡಿ, ಬಣ್ಣದ ಫೋಟೋವನ್ನು ನನಗೆ ಕಳುಹಿಸುತ್ತಾರೆ. ಕಳೆದ ಭಾನುವಾರದ್ದು, ಪ್ರೋಟೀನ್ ಇಲ್ಲದಿದ್ದರೆ ಇರಬೇಕಾದಂತೆ, ಹಳದಿಯಾಗಿಯೇ ಇತ್ತು.